ಬ್ಯಾಗಲ್ಲಿ ಹಾಳಾದ ಲೆನ್ಸು

ಮಂಗಳವಾರ ಕ್ಯಾಮೆರಾ ರಿಪೇರಿ ಅಂಗಡಿಯವರು ನನ್ನ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ನಾನೂ ನೋಡಿದೆ. ಗಾಜಿನ ಅಂಚಿನಿಂದ ಒಳಕ್ಕೆ ಬೆಳ್ಳಗೆ ಸಣ್ಣ ಸಣ್ಣ ಎಳೆಗಳು. ಜೇಡ ಬಲೆ ಕಟ್ಟೋಕೆ ಶುರು ಮಾಡಿ ಅರ್ಧಕ್ಕೇ ಎದ್ದು ಹೋದ ಹಾಗೆ.

"ಫಂಗಸ್ಸಾ?" ಅಂದೆ.

"ಹೂಂ."

"ಹೋದ ವರ್ಷ ಮಳೆ ಇರೋ ಕಡೆ ತಗೊಂಡು ಹೋಗಿದ್ದೆ. ಆದ್ರೆ ಒಂದು ಹನಿ ಬೀಳೋಕೂ ಬಿಟ್ಟಿಲ್ಲ."

"ಅದಕ್ಕೇ ಮೇಡಂ. ಇದು ಮಳೇಲಿ ಹಾಳಾಗಿದ್ದಲ್ಲ. ಬ್ಯಾಗಲ್ಲಿ ಹಾಳಾಗಿದ್ದು."

ಇಷ್ಟು ಹೇಳಿ ಅವರು ಬೇರೆ ಯಾರದೋ ಫ್ಲ್ಯಾಶ್ ಬಿಚ್ಚೋಕೆ ಕೂತರು. ನಾನು ಲೆನ್ಸ್ ಹಿಡಿದುಕೊಂಡು ನಿಂತೇ ಇದ್ದೆ.

ಈ ಸಲದ ಪ್ರವಾಸಕ್ಕೆ ಹೊರಡೋದು ಮುಂದಿನ ಭಾನುವಾರ. ಒಟ್ಟು 24 ದಿನದ್ದು. ಹೋಗ್ತಿರೋದು ದಿನಕ್ಕೆ ಒಂದು ಸಲವಾದರೂ ಮಳೆ ಬಾರದೆ ಇರದ ಜಾಗಕ್ಕೆ. ಮೂರು ವಾರದಿಂದ ನಮ್ಮ ಮನೆಯಲ್ಲಿ ಅದೇ ಮಾತು, ಯಾವ ಕ್ಯಾಮೆರಾ, ಯಾವ ಲೆನ್ಸು, ಯಾವ ಕವರು. ಒಂದು ಹಾಳೆಯಲ್ಲಿ ಪಟ್ಟಿ ಬರೆದೆ. ಎರಡು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಮೂರು ಲೆನ್ಸು, ಟ್ರೈಪಾಡು, ಮಳೆ ಕವರ್ ಎರಡು, ಆ ಕವರ್ ಹರಿದರೆ ಇನ್ನೊಂದು. ಎಲ್ಲಾ ತುಂಬಿ ತೂಕ ನೋಡಿದರೆ ಎಂಟೂವರೆ ಕಿಲೋ. ಇದರಲ್ಲಿ ನನ್ನ ಬಟ್ಟೆ ಒಂದೂ ಇರಲಿಲ್ಲ.

ನಮ್ಮ ಫೋಟೋ ಗೆಳೆಯರಲ್ಲಿ ಹಿರಿಯರೊಬ್ಬರಿದ್ದಾರೆ. ಒಳ್ಳೆಯವರು. ಆದರೆ ಅವರನ್ನು ಒಂದು ಪ್ರಶ್ನೆ ಕೇಳಿದರೆ ಮನೆಗೆ ಬರುವಷ್ಟರಲ್ಲಿ ಮೂರು ಹೊಸ ಸಾಮಾನು ಕೊಳ್ಳಬೇಕು ಅನ್ನಿಸುತ್ತೆ. "ವೆದರ್ ಸೀಲ್ ಇದ್ರೆ ಸಾಕು, ಜಲಪಾತದ ಕೆಳಗೇ ಹಿಡೀಬಹುದು" ಅಂದರು. ನೀರು, ಧೂಳು ಒಳಗೆ ಹೋಗದ ಹಾಗೆ ಕ್ಯಾಮೆರಾದ ಸಂದುಗಳನ್ನು ಮುಚ್ಚಿರೋದಕ್ಕೆ ವೆದರ್ ಸೀಲ್ ಅಂತಾರೆ. ಅವರು ಹಾಗೆ ಹಿಡಿದಿದ್ದನ್ನು ನಾನಂತೂ ನೋಡಿಲ್ಲ. ಅವರ ಕ್ಯಾಮೆರಾ ಯಾವಾಗಲೂ ಹೊಸದರ ಹಾಗೇ ಹೊಳೆಯುತ್ತಿರುತ್ತೆ.

ಈ ವೆದರ್ ಸೀಲ್ ಅನ್ನೋ ಮಾತು ನನಗೆ ಮೊದಲಿಂದಲೂ ಅನುಮಾನ. ಫೋನುಗಳಿಗೆ ಐಪಿ68 ಅಂತ ಬರೆದಿರುತ್ತಾರೆ. ಅದರಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 3 ಇದ್ದರೆ ಮೇಲಿಂದ, 60 ಡಿಗ್ರಿವರೆಗೆ ಓರೆಯಾಗಿ ಬೀಳೋ ತುಂತುರಿಗೆ ಪರವಾಗಿಲ್ಲ. 4 ಇದ್ದರೆ ಯಾವ ಕಡೆಯಿಂದ ಎರಚಿದರೂ ತಡೆಯುತ್ತೆ. 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಹೆಚ್ಚಿನ ಕ್ಯಾಮೆರಾಗಳಿಗೆ ಇಂಥ ಅಂಕಿಯೇ ಇರೋದಿಲ್ಲ. ಸುಮ್ನೆ 'ಹವಾಮಾನ ತಡೆಯುತ್ತೆ' ಅಂದುಬಿಡುತ್ತಾರೆ. ಎಷ್ಟು ಮಳೆ, ಎಷ್ಟು ಹೊತ್ತು ಅಂತ ಕೇಳಬೇಡಿ. ಓಎಂ-1 ಥರದ ಕೆಲವಕ್ಕೆ ಮಾತ್ರ ಐಪಿ53 ಅಂತ ನಂಬರ್ ಕೊಟ್ಟಿದ್ದಾರೆ. ಅದೂ ಅಷ್ಟೇ ಸೀಲ್ ಇರೋ ಲೆನ್ಸ್ ಹಾಕಿದರೆ. ಇನ್ನು ಕೆಲವು ಲೆನ್ಸುಗಳಿಗೆ ಮುಂದೆ ಫಿಲ್ಟರ್ ತಿರುಗಿಸಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತೆ. ಇಷ್ಟೆಲ್ಲ ಆಗಿ ಒಳಗೆ ನೀರು ಹೋದರೆ ಸಾಮಾನ್ಯವಾಗಿ ವಾರಂಟಿ ಇಲ್ಲ.

ಹಾಗಾಗಿ ನಾನು ಮಳೆಗೆ ಹೆದರಿದ್ದು ತಪ್ಪೇನಲ್ಲ ಅಂತಲೇ ಅಂದುಕೊಂಡಿದ್ದೆ, ಮಂಗಳವಾರದವರೆಗೆ.

ಬ್ಯಾಗಲ್ಲಿ ಹಾಳಾಗಿದ್ದು. ಹೇಗೆ ಅಂತ ಆ ರಾತ್ರಿ ಮಲಗಿದಾಗ ಒಂದೊಂದಾಗಿ ಹೊಳೆಯಿತು. ಹೋದ ವರ್ಷದ ಪ್ರವಾಸ 11 ದಿನದ್ದು. ಬ್ಯಾಗಿಗೆ ಕವರ್ ಹಾಕಿ, ಜಿಪ್ ಎಳೆದು, ಅದರ ಮೇಲೆ ನನ್ನ ರೇನ್‌ಕೋಟ್ ಹಾಕಿಕೊಂಡು ಓಡಾಡಿದ್ದೆ. ಹನಿ ಒಳಗೆ ಹೋಗಲಿಲ್ಲ, ನಿಜ. ಆದರೆ ತೇವದ ಗಾಳಿಗೆ ಜಿಪ್ ಯಾವ ಲೆಕ್ಕ? ವಾಪಸ್ ಬಂದ ದಿನ ಸುಸ್ತಾಗಿತ್ತು. ಒಳಗಿನ ಸ್ಪಂಜು ಕೈಗೆ ತಣ್ಣಗೆ ಹತ್ತಿದ್ದು ಈಗಲೂ ನೆನಪಿದೆ. ನಾಳೆ ಒಣಗಿಸಿದರಾಯಿತು ಅಂತ ಬ್ಯಾಗನ್ನು ಹಾಗೇ ಬೀರುವಿಗೆ ತಳ್ಳಿದೆ. ಆ ನಾಳೆ ಬಂದಿದ್ದು ಎರಡು ತಿಂಗಳ ಮೇಲೆ. ಕತ್ತಲು, ತೇವ, ಗಾಳಿಯಾಡದ ಜಾಗ, ಗಾಜಿನ ಮೇಲೆ ಒಂದಿಷ್ಟು ಬೆರಳಿನ ಜಿಡ್ಡು, ಧೂಳು. ಬೂಜಿಗೆ ಇನ್ನೇನು ಬೇಕು?

"ಬೇಗ ತಂದಿದ್ರೆ ಒರೆಸಿದ್ರೇ ಹೋಗ್ತಿತ್ತು" ಅಂದಿದ್ದರು ಆ ರಿಪೇರಿಯವರು. "ಈಗ ಗಾಜಿನ ಮೇಲಿನ ಕೋಟಿಂಗನ್ನೇ ತಿಂದಿದೆ. ಕ್ಲೀನ್ ಮಾಡಿ ಕೊಡ್ತೀನಿ, ಅಂಚಲ್ಲಿ ಕಲೆ ಉಳಿಯುತ್ತೆ." ಬೈಯಲಿಲ್ಲ, ಪಾಠವನ್ನೂ ಹೇಳಲಿಲ್ಲ. ಬೈದಿದ್ದರೆ ನನಗೂ ವಾಪಸ್ ಎರಡು ಮಾತಾಡೋಕೆ ಆಗುತ್ತಿತ್ತು.

ಬುಧವಾರ ಕೂತು ಆ 11 ದಿನದ ಫೋಟೋ ಎಣಿಸಿದೆ. 143. ಅದರಲ್ಲಿ ಮಳೆ ಇರೋದು ಒಂಬತ್ತು. ಒಂಬತ್ತೂ ಕಿಟಕಿ ಗಾಜಿನ ಹಿಂದಿನಿಂದ. ಮಳೆ ನೋಡೋಕೆ ಅಂತಲೇ ಅಷ್ಟು ದೂರ ಹೋಗಿದ್ದವಳು ನಾನು.

ತೆಗೆಯದೇ ಬಿಟ್ಟ ಒಂದು ಫೋಟೋ ಮಾತ್ರ ಚೆನ್ನಾಗಿ ನೆನಪಿದೆ. ಜೋರು ಗಾಳಿ. ರಸ್ತೆಯ ಆಚೆ ಒಬ್ಬ ಮುದುಕ. ಅವನ ಛತ್ರಿ ಮೇಲಕ್ಕೆ ಮಗುಚಿ ತಾವರೆ ಥರ ಆಗಿತ್ತು. ಅವನು ಅದನ್ನು ಸರಿ ಮಾಡೋ ಗೋಜಿಗೇ ಹೋಗದೆ ಹಾಗೇ ಹಿಡಿದುಕೊಂಡು, ಮುಖ ಮೇಲೆತ್ತಿ ನಗುತ್ತಿದ್ದ. ನನ್ನ ಕೈ ಜಿಪ್ ಮೇಲಿತ್ತು. ಲೆನ್ಸ್ ಒದ್ದೆಯಾದರೆ ಅಂತ ಯೋಚಿಸಿದೆ. ಯೋಚಿಸಿ ಮುಗಿಸೋ ಹೊತ್ತಿಗೆ ಅವನು ತಿರುವಿನಲ್ಲಿ ಹೋಗಿಯಾಗಿತ್ತು. ಯಾವ ಲೆನ್ಸನ್ನು ಕಾಪಾಡಿಕೊಂಡೆನೋ ಅದರೊಳಗೆ ಆಗಲೇ ಬೂಜು ಬಿತ್ತನೆ ಆಗಿರಬೇಕು.

ನಮ್ಮಪ್ಪ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದರು. ನಾನು ನಗುತ್ತಿದ್ದೆ. ಒಂದು ದಿನ ರಿಮೋಟ್ ಕೆಲಸ ಮಾಡಲಿಲ್ಲ. ಕವರ್ ಬಿಚ್ಚಿದರೆ ಸೆಲ್ ಸೋರಿ ಒಳಗೆಲ್ಲ ತುಕ್ಕು. ಮೇಲೆ ನೋಡಿದರೆ ಒಂದು ಗೀರೂ ಇಲ್ಲ, ಥಳಥಳ. ಅಪ್ಪ ಅದನ್ನು ಎಸೆಯಲಿಲ್ಲ, ಮತ್ತೆ ಕವರಿಗೇ ಹಾಕಿಟ್ಟರು. ನನ್ನ ಮೇಜಿನ ಖಾನೆಯಲ್ಲಿ ದಪ್ಪ ಹಾಳೆಯ ಒಂದು ಚೆಂದದ ನೋಟ್‌ಬುಕ್ಕಿದೆ. ಆರು ವರ್ಷವಾಯಿತು. ಅಕ್ಷರ ಕೆಟ್ಟದಾಗಿ ಬಂದರೆ ಹಾಳಾಗುತ್ತಲ್ಲಾ ಅಂತ ಒಂದು ಸಾಲೂ ಬರೆದಿಲ್ಲ. ಬುಧವಾರ ತೆಗೆದು ನೋಡಿದೆ. ಅಂಚೆಲ್ಲ ಹಳದಿಯಾಗಿದೆ.

ಇರಲಿ. ಪಟ್ಟಿಯ ಹಾಳೆ ತೆಗೆದು ಹೊಡೆದು ಹಾಕುತ್ತಾ ಹೋದೆ. ಎರಡನೇ ಬಾಡಿ ಬೇಡ, ಕ್ಯಾಮೆರಾ ಕೈಕೊಟ್ಟರೆ ಫೋನಿದೆ. ಟೆಲಿ ಲೆನ್ಸ್ ಬೇಡ. ದಟ್ಟ ಮಳೆಯಲ್ಲಿ ದೂರದ್ದು ಎಷ್ಟು ಎಳೆದರೂ ಬೂದಿ ಬಣ್ಣವೇ. ಒಂದು ಮಧ್ಯದ ಜೂಮ್, ಎಫ್2.8, ಸೀಲ್ ಇರೋದು. ಮೋಡ ಕವಿದಾಗ ಬೆಳಕು ಅಷ್ಟು ಕಡಿಮೆ ಇರುತ್ತೆ, ಎಫ್4 ಲೆನ್ಸಿಗಿಂತ ಎರಡರಷ್ಟು ಬೆಳಕು ಒಳಗೆ ಬಂದರೆ ಬೇಡ ಅನ್ನೋಕಾಗುತ್ತಾ? ರಾತ್ರಿಗೆ ಒಂದು ಪುಟ್ಟ 35 ಎಂಎಂ ಲೆನ್ಸು, ಅದನ್ನು ಬದಲಾಯಿಸೋದು ರೂಮಿನ ಒಳಗೆ ಮಾತ್ರ. ಪೋಲರೈಸರ್ ಅನ್ನೋ ಫಿಲ್ಟರ್ ಇರಲಿ. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ತೆಗೆದರೆ ಹಸಿರು ಎದ್ದು ಬರುತ್ತೆ. ಆದರೆ ಅದು ಬೆಳಕನ್ನೂ ತಿನ್ನುತ್ತೆ, ಹಾಗಾಗಿ ಇಡೀ ದಿನ ಹಾಕಿಕೊಂಡು ಓಡಾಡೋ ಹಾಗಿಲ್ಲ. ಹಳೇ ಹತ್ತಿ ಟವಲ್ ನಾಲ್ಕು. ಇದಕ್ಕೆ ನಾನು ಟ್ರೈಪಾಡಿಗಿಂತ ಜಾಸ್ತಿ ಬೆಲೆ ಕೊಡ್ತೀನಿ. ಜೂಮ್ ಉದ್ದ ಮಾಡಿದಾಗ ಹೊರಗೆ ಬರೋ ಕೊಳವೆ ಒದ್ದೆಯಾಗುತ್ತಲ್ಲ, ಅದನ್ನು ಒರೆಸದೆ ಒಳಗೆ ಎಳೆದರೆ ನೀರನ್ನು ನಾವೇ ಒಳಗೆ ಕರೆದ ಹಾಗೆ.

ಮುಖ್ಯವಾದದ್ದು ಗಾಳಿಯಾಡದ ಒಂದು ಡಬ್ಬಿ, ಅದರ ತುಂಬಾ ತೇವ ಹೀರೋ ಸಿಲಿಕಾ ಜೆಲ್. ಒಳಗಿನ ತೇವ ನೂರಕ್ಕೆ 40ರಿಂದ 50 ಇದ್ದರೆ ಸಾಕು, ತೀರಾ ಒಣಗಿಸೋದೂ ಬೇಡವಂತೆ. ದಿನಾ ರಾತ್ರಿ ಕ್ಯಾಮೆರಾ ಒರೆಸಿ ಡಬ್ಬಿಗೆ, ಬ್ಯಾಗು ಬಾಯಿ ತೆರೆದುಕೊಂಡು ಹೊರಗೆ. ಎಸಿ ರೂಮಿಂದ ಹೊರಗೆ ಹೋಗುವಾಗ ಮಾತ್ರ ಕ್ಯಾಮೆರಾ ಅರ್ಧ ಗಂಟೆ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ ಇರಬೇಕು. ಇಲ್ಲದಿದ್ದರೆ ತಣ್ಣಗಿರೋ ಗಾಜಿನ ಮೇಲೆ ಹೊರಗಿನ ತೇವ ಮಂಜಾಗಿ ಕೂರುತ್ತೆ. ಮುಚ್ಚೋದಕ್ಕೂ ಒಂದು ಹೊತ್ತಿದೆ ಅನ್ನಿ.

ಗುರುವಾರ ಸಂಜೆ ಮಳೆ ಬಂತು. ಕ್ಯಾಮೆರಾ ತಗೊಂಡು ಮನೆ ಹೊರಗೆ ಹೋಗಿ ನಿಂತೆ. ಹತ್ತು ನಿಮಿಷ, ಕವರ್ ಇಲ್ಲದೆ. ಯಜಮಾನರು ಛತ್ರಿ ಹಿಡಿದುಕೊಂಡು ಓಡಿ ಬಂದರು. ನನ್ನ ತಲೆ ಮೇಲೆ ಹಿಡಿಯುತ್ತಾರೇನೋ ಅಂದುಕೊಂಡರೆ ಕ್ಯಾಮೆರಾ ಮೇಲೆ ಹಿಡಿದರು. ಮೂರು ವಾರ ನನ್ನ ಮಾತು ಕೇಳಿ ಕೇಳಿ ಅವರಿಗೂ ಅಂಟಿದೆ, ಪಾಪ. ಬೇಡ ಅಂದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆದರೂ 60 ಫೋಟೋ ತೆಗೆದೆ.

ಒಳಗೆ ಬಂದು ಒರೆಸಿ, ಕಂಪ್ಯೂಟರಿಗೆ ಹಾಕಿ ನೋಡಿದರೆ ಹೆಚ್ಚುಕಮ್ಮಿ ಎಲ್ಲದರಲ್ಲೂ ನಡುವೆ ಒಂದು ದೊಡ್ಡ ಮಸುಕು. ಲೆನ್ಸ್ ಮೇಲೆ ಹನಿ ಬಿದ್ದಿತ್ತು. ಹನಿ ತಡೆಯೋಕೆ ಲೆನ್ಸಿನ ಮುಂದೆ ಸಿಕ್ಕಿಸೋ ಹುಡ್ ಹಾಕೋದು ಮರೆತಿದ್ದೆ. ಪಟ್ಟಿಯಲ್ಲೂ ಅದು ಇರಲಿಲ್ಲ. ಈಗ ಬರೆದುಕೊಂಡಿದ್ದೀನಿ, ಆ ಹಳದಿ ಅಂಚಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ. ಅಕ್ಷರ ಕೆಟ್ಟದಾಗೇ ಬಂದಿದೆ.