ಅಟ್ಟದಿಂದ ಇಳಿದ ದೋಣಿ ಎಂಜಿನ್: ಮಳೆಗಾಲದ ಕೆಲಸದ ಟಿಪ್ಪಣಿ

ಆರಿದ್ರಾ ಮಳೆ

ಒಂದು ಪುಟ್ಟ ಮಾದರಿ ಆವಿ ಎಂಜಿನ್ ಬೆಂಚಿಗೆ ಬಂದಿದೆ. ತೀರ್ಥಹಳ್ಳಿ ಕಡೆಯ ಒಂದು ಮನೆಯ ಅಟ್ಟದಲ್ಲಿ, ಗೋಣಿಚೀಲದೊಳಗೆ ಇದ್ದದ್ದು. ಆ ಮನೆಯ ಅಜ್ಜ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಕೊಟ್ಟವರು "ಜರ್ಮನ್ ಆಟಿಕೆ ಇರಬೇಕು" ಎಂದರು. ಗೇಣುದ್ದವೂ ಇಲ್ಲ, ಎತ್ತಿದರೆ ಮಾತ್ರ ಒಳ್ಳೇ ಭಾರ. ನೇಮ್‌ಪ್ಲೇಟ್ ಇಲ್ಲ.

ಇಂಥದ್ದು ಸಿಕ್ಕರೆ ಎಲ್ಲರೂ ಮೊದಲು ಪಾಲಿಶ್ ಡಬ್ಬಿ ಹುಡುಕುತ್ತಾರೆ. ನಾನು ಕೂದಲೆಳೆ ಅಳತೆ ಹೇಳುವ ವರ್ನಿಯರ್ ಹುಡುಕುತ್ತೇನೆ. ಯಾರು ಮಾಡಿದ್ದು ಅಂತ ಗೊತ್ತಾಗುವ ತನಕ ಒಂದು ಗೀರನ್ನೂ ಉಜ್ಜಬಾರದು ಎನ್ನುವುದು ನನ್ನ ಹಟ.

ದೋಣಿಯದ್ದು ಎನ್ನುವುದರಲ್ಲಿ ಅನುಮಾನ ಇರಲಿಲ್ಲ. ಎರಡು ಸಿಲಿಂಡರ್ ಮೇಲೆ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟ್ ಕೆಳಗೆ. ಎರಡು ಕ್ರ್ಯಾಂಕ್ ಒಂದಕ್ಕೊಂದು 90 ಡಿಗ್ರಿಯಲ್ಲಿ ಕೂತಿವೆ. ಒಂಟಿ ಸಿಲಿಂಡರ್ ಆದರೆ ಪಿಸ್ಟನ್ ತೀರಾ ಮೇಲೆ ಅಥವಾ ತೀರಾ ಕೆಳಗೆ ನಿಂತಾಗ ಆವಿ ಬಿಟ್ಟರೂ ತಿರುಗೋದಿಲ್ಲ, ಫ್ಲೈವೀಲನ್ನು ಕೈಯಲ್ಲಿ ನೂಕಬೇಕು. ಕೆರೆ ಮಧ್ಯೆ ಇರುವ ದೋಣಿಗೆ ಕೈ ಹಾಕುವವರು ಯಾರು? 90 ಡಿಗ್ರಿ ಇದ್ದರೆ ಒಂದು ಸತ್ತ ಬಿಂದುವಿನಲ್ಲಿದ್ದಾಗ ಇನ್ನೊಂದು ನಡುದಾರಿಯಲ್ಲಿರುತ್ತದೆ, ತಾನಾಗೇ ಹೊರಡುತ್ತದೆ. ಜೊತೆಗೆ ಸ್ಟೀಫನ್‌ಸನ್ ಲಿಂಕ್ ಇದೆ, ಎಂಜಿನ್ನನ್ನು ಹಿಂದುಮುಂದು ತಿರುಗಿಸುವ ಏರ್ಪಾಡು. ಪ್ರತಿ ಸಿಲಿಂಡರಿಗೂ ಎರಡೆರಡು ಎಕ್ಸೆಂಟ್ರಿಕ್ (ಶಾಫ್ಟಿನ ಮೇಲೆ ನಡು ತಪ್ಪಿಸಿ ಕೂರಿಸಿದ ಬಿಲ್ಲೆ), ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಸನ್ನೆ ಎಳೆದರೆ ಬಾಗಿದ ಲಿಂಕ್ ಸರಿದು, ಆವಿ ಬಿಡುವ ವಾಲ್ವ್ ಯಾವ ಎಕ್ಸೆಂಟ್ರಿಕ್ಕಿನ ಮಾತು ಕೇಳಬೇಕು ಅಂತ ಬದಲಾಗುತ್ತದೆ. ದಡಕ್ಕೆ ಬಂದು ಹಿಂದೆ ಸರಿಯಬೇಕಾದ ಎಂಜಿನ್ನಿಗೇ ಇಷ್ಟೆಲ್ಲ ಬೇಕು.

ಪಕ್ಕದ ಮನೆಯ ಹುಡುಗ "ಸಿಗಂದೂರು ಲಾಂಚಿಗೆ ಹಾಕ್ತಿದ್ರಲ್ಲ, ಆ ತರಾನಾ?" ಎಂದು ಕೇಳಿದ. ಅದು ಡೀಸೆಲ್ ಮಾರಾಯ.

ಪುನರ್ವಸು

ಅಳತೆ ಸಿಕ್ಕಿತು. ಮೇಲಿನ ಕವರ್ ಬಿಚ್ಚಿ ನೋಡಿದರೆ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 19 ಮಿಲಿಮೀಟರಿಗಿಂತ ಕೂದಲೆಳೆ ಜಾಸ್ತಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಕೂಡ ಅಷ್ಟೇ. ಅಂದರೆ ಮುಕ್ಕಾಲು ಇಂಚು, 19.05. ಜರ್ಮನಿಯವರದ್ದು ಮಿಲಿಮೀಟರ್ ಲೆಕ್ಕ, ಜರ್ಮನ್ ಕಥೆಗೆ ಅಲ್ಲೇ ಮೊದಲ ಪೆಟ್ಟು.

ಎರಡನೇ ಪೆಟ್ಟು ಕೊಟ್ಟದ್ದು ಕವರನ್ನು ಹಿಡಿಯುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್. ದಪ್ಪ 2.5 ಮಿಲಿಮೀಟರ್. ಅದೇ ಅಳತೆಯ ಮೆಟ್ರಿಕ್ ಎಂ2.5 ನಟ್ ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದಿರೋ, ಸ್ಟಡ್ ಹಾಳು. ಇದು 7 ಬಿಎ, ಬ್ರಿಟಿಷ್ ಅಸೋಸಿಯೇಶನ್ ಥ್ರೆಡ್. ಪಿಚ್, ಅಂದರೆ ಎರಡು ಸುತ್ತುಗಳ ನಡುವಿನ ಅಂತರ, 0.48 ಮಿಲಿಮೀಟರ್, ಎಂ2.5ದ್ದು 0.45. ಥ್ರೆಡ್ಡಿನ ಕೋನವೂ ಬೇರೆ, ಬಿಎಗೆ 47½ ಡಿಗ್ರಿ, ಮೆಟ್ರಿಕ್ಕಿಗೆ 60.

ಮುಕ್ಕಾಲಿಂಚು ಬೋರಿನ ಎಂಜಿನ್ ಎಷ್ಟೋ ಜನ ಮಾಡಿದ್ದಾರೆ, ಅದೊಂದನ್ನೇ ನಂಬುವ ಹಾಗಿಲ್ಲ. ಆದರೆ ಬಿಎ ಥ್ರೆಡ್, ಒಂದೊಂದು ಸಿಲಿಂಡರಿಗೂ ಒಂದೊಂದು ಎರಕದ ಕಂಬ, ಪಿಸ್ಟನ್ ರಾಡಿನ ತುದಿಯ ಕ್ರಾಸ್‌ಹೆಡ್ ಓಡಾಡಲು ಆ ಕಂಬದೊಳಗೇ ಕೊರೆದ ದುಂಡು ದಾರಿ, ಇವೆಲ್ಲ ಸೇರಿದರೆ ಸ್ಟುವರ್ಟ್ ಟರ್ನರ್ ಕಂಪನಿಯ ಡಬಲ್ ಟೆನ್ ಎನ್ನಬಹುದು. ಇಂಗ್ಲೆಂಡಿನಲ್ಲಿ ಥೇಮ್ಸ್ ದಡದ ಹೆನ್ಲಿ ಊರಿನವರು. ಎರಕದ ತುಂಡುಗಳನ್ನೂ ಡ್ರಾಯಿಂಗನ್ನೂ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿದ್ದರು, ಲೇತ್ ಇದ್ದವರು ಮನೆಯಲ್ಲೇ ಮುಗಿಸಿಕೊಳ್ಳುತ್ತಿದ್ದರು. ನೇಮ್‌ಪ್ಲೇಟ್ ಯಾಕಿಲ್ಲ ಅಂತ ಈಗ ಅರ್ಥ ಆಗುತ್ತದೆ ಅಲ್ವಾ? ಒಂದು ಎಕ್ಸೆಂಟ್ರಿಕ್ ಪಟ್ಟಿಯಲ್ಲಿ ಅರ ಹಾಕಿದ ಗುರುತು ಹಾಗೇ ಇದೆ, ಎಣ್ಣೆ ತೂತು ಸ್ವಲ್ಪ ಓರೆ. ಫಿಟ್ಟರ್ ಅಜ್ಜನ ಕೈಯೇ ಇರಬಹುದು. ಅದನ್ನು ನಾನು ಮುಟ್ಟುವುದಿಲ್ಲ.

ಪುಷ್ಯ, ಹಿಡಿದ ಮಳೆ

ಪಿಸ್ಟನ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹಿಡಿದದ್ದು ತುಕ್ಕಲ್ಲ, ವಾರ್ನಿಶ್ ಹಾಗೆ ಒಣಗಿದ ಹಳೇ ಸಿಲಿಂಡರ್ ಎಣ್ಣೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಇಟ್ಟೆ. ಸುತ್ತಿಗೆ ಹತ್ತಿರವೂ ತರಲಿಲ್ಲ. ಬಿಟ್ಟುಕೊಂಡ ಮೇಲೆ ಗಡಿಬಿಡಿ ಶುರು. ಈ ಹವೆಯಲ್ಲಿ ಒದ್ದೆ ಕಬ್ಬಿಣಕ್ಕೆ ಸಂಜೆಯೊಳಗೆ ತುಕ್ಕು ಬರುತ್ತದೆ. ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿದೆ.

ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕು ಅಂತ ಮನೆಯಲ್ಲಿ ಎಲ್ಲರ ಸಲಹೆ. ದೇವರ ದೀಪಕ್ಕೆ ಸರಿ, ಇದಕ್ಕೆ ಬೇಡ. ಹುಳಿ ಜಾಸ್ತಿ ಹೊತ್ತು ಕೂತರೆ ಹಿತ್ತಾಳೆಯಲ್ಲಿರುವ ಸತುವು ಕರಗಿ, ತಾಮ್ರದ ಗುಲಾಬಿ ಕಲೆ ಉಳಿಯುತ್ತದೆ. ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಶ್, ಸಾಕು.

ರಾಡಿನ ಸುತ್ತ ಆವಿ ಸೋರದಂತೆ ತಡೆಯುವ ಗ್ಲ್ಯಾಂಡಿನೊಳಗಿನ ಹಳೇ ಹುರಿಯನ್ನು ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ತೆಗೆದೆ. ಹಳೇ ಎಂಜಿನ್‌ಗಳಲ್ಲಿ ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರುವುದುಂಟು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬದಲಿಗೆ ಗ್ರಾಫೈಟ್ ಹುರಿ. ಗ್ಯಾಸ್ಕೆಟ್ಟಿಗೆ ಎಣ್ಣೆ ಕುಡಿಸಿದ ಕಂದು ಕಾಗದ. ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ "ಎಲ್ಲ ತೂತೂ ಎಂ3 ಮಾಡಿಬಿಡೋಣ, ಸುಮ್ನೆ ಯಾಕೆ ತಲೆನೋವು" ಎಂದರು. ಬೇಡ ಎಂದು ತೂತಿನೊಳಗೆ ಥ್ರೆಡ್ ಕೊರೆಯುವ 7 ಬಿಎ ಟ್ಯಾಪನ್ನು ಅಂಚೆಯಲ್ಲಿ ತರಿಸಿದೆ.

ಆಶ್ಲೇಷ

ಸಿಲಿಂಡರಿಗೆ ಆವಿ ಬಿಡುವ ಸ್ಲೈಡ್ ವಾಲ್ವುಗಳನ್ನು ಗಾಜಿನ ಮೇಲೆ ಅಂಟಿಸಿದ 1200 ನಂಬರ್ ಎಮರಿಯಲ್ಲಿ ಮಟ್ಟ ಮಾಡಿದ್ದಾಯಿತು. ಮೇಲೆ ಕೆಳಗೆ ಎರಡೂ ಕಡೆ ಆವಿಯ ದ್ವಾರ ಒಂದೇ ಸಮ ತೆರೆಯುವಂತೆ ವಾಲ್ವಿನ ಸ್ಪಿಂಡಲ್ ನಟ್ ಹೊಂದಿಸಿದೆ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ತಾಳ್ಮೆ ಕೇಳಿದ್ದು ಇದೊಂದೇ. ರೆಗ್ಯುಲೇಟರ್ ಇರುವ ಸಣ್ಣ ಕಂಪ್ರೆಸರಿನಿಂದ 10 ಪಿಎಸ್ಐ ಗಾಳಿ ಕೊಟ್ಟರೆ ಎರಡೂ ದಿಕ್ಕಿಗೆ ತಾನಾಗೇ ಹೊರಡುತ್ತಿದೆ. ಗಾಳಿ ಒಣ, ಹಾಗಾಗಿ ಓಡಿಸುವ ಮೊದಲು ಪ್ರತಿ ಸಲ ಎಣ್ಣೆ ಹನಿಸಬೇಕು.

ಗೋಣಿಚೀಲದಲ್ಲಿ ಒಂದು ಬಾಯ್ಲರೂ ಇತ್ತು. ಜೋಡಣೆಯೆಲ್ಲ ಮೆತ್ತನೆಯ ಸೀಸ-ತವರದ ಬೆಸುಗೆ. ಅದು ಸುಮಾರು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. 3 ಬಾರ್ ಒತ್ತಡದ ಆವಿ ಸುಮಾರು 144 ಡಿಗ್ರಿ, ಲೆಕ್ಕದಲ್ಲಿ ಪರವಾಗಿಲ್ಲ. ಆದರೆ ನೀರು ಕಡಿಮೆಯಾಗಿ ಉರಿ ತಗಲುವ ಜಾಗ ಒಣಗಿತು ಅಂದರೆ ಲೆಕ್ಕ ಉಲ್ಟಾ. ಅದನ್ನು ಶೋಕೇಸಿಗೆ ಇಟ್ಟು, ಬೆಳ್ಳಿ ಬೆಸುಗೆಯ ಹೊಸ ತಾಮ್ರದ ಬಾಯ್ಲರ್ ಮಾಡಬೇಕು. ಮೊದಲು ತಣ್ಣೀರು ತುಂಬಿ, ಓಡಿಸುವ ಒತ್ತಡದ ಎರಡರಷ್ಟು ಪಂಪ್ ಮಾಡಿ ಪರೀಕ್ಷೆ. ನೀರಾದರೆ ಬಿರುಕು ಬಿಟ್ಟರೂ ಸೋರುತ್ತದೆ, ಸಿಡಿಯುವುದಿಲ್ಲ. ತಾಮ್ರದ ಕೊಳವೆ ಬಂದಿದೆ, ಪ್ರೆಶರ್ ಗೇಜ್ ಇನ್ನೂ ಬಂದಿಲ್ಲ.