ಬಿಳಿ ಶಾಯಿಯ ಉಪಚಾರ

ನಮ್ಮೂರಿನ ಕಬಡ್ಡಿ ತಂಡಕ್ಕೆ 12 ಕಪ್ಪು ಟೀ ಶರ್ಟುಗಳು ಬೇಕಾಗಿದ್ದವು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಬೇಕಾಗುವುದರಿಂದ ಅಷ್ಟು ಕಡಿಮೆ ಸಂಖ್ಯೆಗೆ ಅದು ದುಬಾರಿ. ಆಗ ನಾನು, ಕಚೇರಿಯೊಂದರಲ್ಲಿ ಗುರುತಿನ ಚೀಟಿಗಳ ಫೋಟೊ ಮುದ್ರಿಸುತ್ತಿದ್ದ ಹಳೆಯ ಎಪ್ಸನ್ ಎಲ್805 ಪ್ರಿಂಟರನ್ನು ಕೊಂಡು ಡಿಟಿಎಫ್ ಮುದ್ರಣಕ್ಕೆ, ಅಂದರೆ ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಮುದ್ರಿಸಿ ಆಮೇಲೆ ಬಿಸಿಯಿಂದ ಬಟ್ಟೆಗೆ ಒತ್ತುವ ವಿಧಾನಕ್ಕೆ, ಮಾರ್ಪಡಿಸಿದೆ.

ಇದಕ್ಕಿಂತ ಅಗ್ಗದ ನಾಲ್ಕು ಬಣ್ಣದ ಪ್ರಿಂಟರುಗಳು ಇವೆ, ಆದರೆ ಕಪ್ಪು ಬಟ್ಟೆಯ ಮೇಲೆ ಬಣ್ಣಗಳು ಕಾಣಲು ಅಡಿಗೆ ಬೇಕಾದ ಬಿಳಿ ಶಾಯಿಗೆ ಅವುಗಳಲ್ಲಿ ಜಾಗವಿಲ್ಲ. ಎಲ್805ರಲ್ಲಿ ಆರು ಟ್ಯಾಂಕುಗಳಿದ್ದು, ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ ಇರುವ ಎರಡನ್ನು ಬಿಳಿಗೆ ಬಿಟ್ಟುಕೊಡಬಹುದು. ಇದರ ಹೆಡ್ ಶಾಯಿಯನ್ನು ಕಾಯಿಸದೆ, ವಿದ್ಯುತ್ತಿಗೆ ಬಾಗುವ ಪೀಜೊ ಪದರದ ಒತ್ತಡದಿಂದ ಚಿಮ್ಮಿಸುತ್ತದೆ. ಶಾಯಿಯನ್ನು ಕುದಿಸಿ ಚಿಮ್ಮಿಸುವ ಹೆಡ್‌ಗಳು ಬಟ್ಟೆಯ ಪಿಗ್ಮೆಂಟ್ ಶಾಯಿಗೆ ಹೊಂದುವುದಿಲ್ಲ.

ಬಿಚ್ಚಿ ಜೋಡಿಸುವ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಹಳೆಯ ಶಾಯಿಯನ್ನು ತೊಳೆದು ತೆಗೆದೆ. ಹಸಿ ಬಿಳಿಯ ಮೇಲೆ ಗೀರು ಮೂಡಿಸುತ್ತಿದ್ದ, ಕಾಗದ ಹೊರಬರುವ ಕಡೆಯ ಹಲ್ಲುಚಕ್ರಗಳನ್ನು ಕಳಚಿದೆ. ಪ್ರಿಂಟರಿನ ಮೂಲ ಡ್ರೈವರ್ ತಂತ್ರಾಂಶಕ್ಕೆ ಬಿಳಿ ಎಂಬ ಬಣ್ಣವೇ ಗೊತ್ತಿಲ್ಲದ ಕಾರಣ, ಯಾವ ಶಾಯಿ ಎಲ್ಲಿ ಬೀಳಬೇಕೆಂದು ಪ್ರಿಂಟರಿಗೆ ಹೇಳುವ ರಿಪ್ ತಂತ್ರಾಂಶವನ್ನು ಹಾಕಿಕೊಂಡೆ. ಅದು ಚಿತ್ರವನ್ನು ತಿರುವುಮುರುವಾಗಿ, ಮೊದಲು ಬಣ್ಣ, ಅದರ ಮೇಲೆ ಬಿಳಿ ಎಂಬ ಕ್ರಮದಲ್ಲಿ ಫಿಲ್ಮಿನ ಮೇಲೆ ಮುದ್ರಿಸುತ್ತದೆ. ಬಟ್ಟೆಗೆ ಒತ್ತಿದಾಗ ಬಿಳಿ ಅಡಿಗೆ ಹೋಗಿ, ಬಣ್ಣಗಳು ಮೇಲೆ ನಿಲ್ಲುತ್ತವೆ. ಒತ್ತುವ ಮೊದಲು, ಫಿಲ್ಮಿನ ಮೇಲಿನ ಶಾಯಿ ಹಸಿಯಿರುವಾಗಲೇ ಅಂಟುಪುಡಿ ಉದುರಿಸಿ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ನಿಮಿಷ ಕಾಯಿಸಿದರೆ ಅದು ಕರಗಿ ಕಿತ್ತಳೆ ಸಿಪ್ಪೆಯಂತೆ ಹೊಳೆಯುತ್ತದೆ. ಆಮೇಲೆ 160 ಡಿಗ್ರಿಯಲ್ಲಿ 15 ಸೆಕೆಂಡು ಪ್ರೆಸ್ ಮಾಡುತ್ತೇನೆ. ಪುಡಿ ಶ್ವಾಸಕೋಶಕ್ಕೆ ಹೋಗಬಾರದು, ಕಾಯಿಸುವಾಗ ಹೊಗೆಯೂ ಬರುತ್ತದೆ. ಮಾಸ್ಕ್ ಮತ್ತು ತೆರೆದ ಕಿಟಕಿ ಇಲ್ಲದೆ ದಯವಿಟ್ಟು ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ಅಡುಗೆಗೆ ಬಳಸುವ ಓವನ್ನಂತೂ ಇದಕ್ಕೆ ಬೇಡವೇ ಬೇಡ.

ನಿಜವಾದ ಶ್ರಮವಿರುವುದು ಬಿಳಿ ಶಾಯಿಯಲ್ಲಿ. ಅದರ ಬಣ್ಣ ಬರುವುದು ಟೈಟಾನಿಯಂ ಡೈಆಕ್ಸೈಡಿನಿಂದ. ನೀರಿಗಿಂತ ಸುಮಾರು ನಾಲ್ಕು ಪಟ್ಟು ಸಾಂದ್ರವಾದ ಆ ಕಣಗಳು ಸುಮ್ಮನೆ ಬಿಟ್ಟರೆ ತಳಕ್ಕಿಳಿಯುತ್ತವೆ. ಟ್ಯಾಂಕಿನಲ್ಲಿ ಶಾಯಿಯನ್ನು ಕಲಕಲು ನಾನು ಸಣ್ಣ ಮೋಟಾರನ್ನು ಅಳವಡಿಸಿದ್ದೆ. ಆದರೆ ಕೊಳವೆಯಲ್ಲಿಯೂ, ಕೊಳವೆಗೂ ಹೆಡ್ಡಿಗೂ ನಡುವಿನ ಪುಟ್ಟ ಶಾಯಿಕೋಶವಾದ ಡ್ಯಾಂಪರಿನಲ್ಲಿಯೂ ನಿಂತ ಶಾಯಿಯನ್ನು ಕಲಕುವವರು ಯಾರು? ಯುಗಾದಿಗೆಂದು ನಾಲ್ಕು ದಿನ ಊರಿಗೆ ಹೋಗಿ ಬಂದು, ಹೆಡ್ಡಿನ ಸಣ್ಣ ರಂಧ್ರಗಳೆಲ್ಲ ತೆರೆದಿವೆಯೇ ಎಂದು ತೋರಿಸುವ ಪರೀಕ್ಷಾ ಮುದ್ರಣ, ಅಂದರೆ ನಾಜಲ್ ಚೆಕ್, ತೆಗೆದರೆ ಬಿಳಿಯ ಸಾಲುಗಳಲ್ಲಿ ಅರ್ಧದಷ್ಟು ಮಾಯವಾಗಿದ್ದವು. ಹೆಡ್ ಕ್ಲೀನಿಂಗನ್ನು ಮತ್ತೆ ಮತ್ತೆ ಓಡಿಸಿದ್ದರಿಂದ ಶಾಯಿ ವೆಚ್ಚವಾಯಿತೇ ಹೊರತು ಸಾಲುಗಳು ಮರಳಲಿಲ್ಲ. ಡ್ಯಾಂಪರ್ ಬದಲಿಸಿ, ಶುದ್ಧೀಕರಣ ದ್ರವದಲ್ಲಿ ಹೆಡ್ಡನ್ನು ರಾತ್ರಿಯಿಡೀ ನೆನೆಸಿದ ಮೇಲೆ ಹೆಚ್ಚಿನ ರಂಧ್ರಗಳು ತೆರೆದುಕೊಂಡವು.

ಈಗ ದಿನವೂ ಬೆಳಿಗ್ಗೆ, ಆರ್ಡರ್ ಇರಲಿ ಬಿಡಲಿ, ಒಂದು ಸಣ್ಣ ಬಿಳಿ ಚೌಕವನ್ನು ಮುದ್ರಿಸುತ್ತೇನೆ. ಎರಡು ದಿನಕ್ಕಿಂತ ಹೆಚ್ಚು ಕಾಲ ಪ್ರಿಂಟರನ್ನು ಬಿಟ್ಟು ಹೋಗುವುದಾದರೆ, ಹೊರಡುವ ಮುನ್ನ ಬಿಳಿಯ ಎರಡೂ ಕೊಳವೆಗಳನ್ನು ಸಿರಿಂಜಿನಿಂದ ಬರಿದುಮಾಡಿ, ಶುದ್ಧೀಕರಣ ದ್ರವವನ್ನು ತುಂಬಿಸಿ ಹೋಗುತ್ತೇನೆ.