ಗೌರಿ ಸೊರ ಬಿಡದ ದಿನಗಳು

ಹೋದ ವಾರ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂತು, ಹಸುಗೆ ಹಾರ್ಮೋನ್ ಇಂಜೆಕ್ಷನ್ ಚುಚ್ತಾರೆ ಅದಕ್ಕೇ ಹೆಣ್ಣುಮಕ್ಕಳು ಬೇಗ ದೊಡ್ಡೋರಾಗ್ತಿದಾರೆ, ಹಾಲು ಕುಡಿಯೋದು ಬಿಡಿ ಅಂತ. ಹಾಕಿದ್ದು ಚಿಕ್ಕಮ್ಮ, ಹಂಗಾಗಿ ಅಲ್ಲಿ ಸುಮ್ಮನಿದ್ದು ಇಲ್ಲಿ ಬರೀತಿದೀನಿ.

ಆ ಇಂಜೆಕ್ಷನ್ ಆಕ್ಸಿಟೋಸಿನ್. ಕರು ಕೆಚ್ಚಲಿಗೆ ಬಾಯಿ ಹಾಕಿದ್ರೆ ಹಸುವಿನ ಮೆದುಳಿಂದ ಇದೇ ಹಾರ್ಮೋನ್ ತಾನಾಗೇ ರಕ್ತಕ್ಕೆ ಬರುತ್ತೆ, ಕೆಚ್ಚಲೊಳಗಿನ ಸಣ್ಣ ಸ್ನಾಯುಗಳು ಬಿಗಿಯಾಗಿ ಹಾಲು ಇಳಿಯುತ್ತೆ, ನಾವು ಸೊರ ಬಿಡ್ತು ಅನ್ನೋದು ಇದನ್ನೇ. ರಕ್ತದಲ್ಲಿ ಅದು ಇರೋದೇ ಕೆಲವು ನಿಮಿಷ, ಪ್ರೋಟೀನ್ ಕಟ್ಟೋ ತುಣುಕುಗಳಾದ ಅಮೈನೋ ಆಸಿಡ್ ಒಂಬತ್ತೇ ಸೇರಿ ಆಗಿರೋದು, ಹಾಲಲ್ಲಿ ಚೂರುಪಾರು ಬಂದ್ರೂ ನಮ್ಮ ಹೊಟ್ಟೇಲಿ ಜೀರ್ಣ ಆಗೋಗುತ್ತೆ. ಹೆಣ್ಣುಮಕ್ಕಳನ್ನ ದೊಡ್ಡೋರು ಮಾಡೋ ಈಸ್ಟ್ರೋಜನ್ ಹಾರ್ಮೋನ್ ಅಂತೂ ಇದು ಅಲ್ವೇ ಅಲ್ಲ.

ಹಂಗಂತ ಚುಚ್ಚಬಹುದು ಅಂತಲ್ಲ. ಕೆಲವು ವರ್ಷದ ಹಿಂದೆ ನಮ್ಮ ಹಸು ಗೌರಿಯ ಕರು ಸತ್ತೋಯ್ತು, ಅವಳು ಸೊರ ಬಿಡಲ್ಲ, ಹತ್ರ ಹೋದ್ರೆ ಒದೀತಾಳೆ. ಅಜ್ಜನ ಕಾಲ ಆಗಿದ್ರೆ ಸತ್ತ ಕರು ಚರ್ಮಕ್ಕೆ ಹುಲ್ಲು ತುಂಬಿಸಿ ಮುಂದೆ ನಿಲ್ಲಿಸ್ತಿದ್ರಂತೆ. ಊರಲ್ಲಿ ಒಬ್ರು ಅಪ್ಪನ ಕೈಗೆ ಲೇಬಲ್ಲೇ ಇಲ್ಲದ ಪ್ಲಾಸ್ಟಿಕ್ ಬಾಟ್ಲಿ, ಜೊತೆಗೊಂದು ಸಿರಿಂಜು ಕೊಟ್ಟು "ಕರೆಯೋಕ್ ಮುಂಚೆ ಚುಚ್ಚಿ, ಆಯ್ತು" ಅಂದ್ರು. ಡಾಕ್ಟ್ರ ಚೀಟಿ ಇಲ್ದೆ ಮಾರೋ ಹಂಗೇ ಇಲ್ಲದ ಔಷಧಿ ಅದು! ಹಾಲಿಗೋಸ್ಕರ ಹಸು ಆರೋಗ್ಯ ಕೆಡಿಸೋ ಇಂಜೆಕ್ಷನ್ ಕೊಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 12ನೇ ಸೆಕ್ಷನ್ನಲ್ಲೇ ಅಪರಾಧ. ಯಾಕಂದ್ರೆ ಇದು ಕೆಚ್ಚಲಷ್ಟೇ ಅಲ್ಲ ಗರ್ಭಕೋಶನೂ ಹಿಂಡುತ್ತೆ, ದಿನಕ್ಕೆರಡು ಸಲ ಹೆರಿಗೆ ನೋವು ತರಿಸಿದಂಗೆ, ಮತ್ತೆ ಅಭ್ಯಾಸ ಆಗೋದ್ರೆ ಸೂಜಿ ಇಲ್ದೆ ಹಾಲೇ ಇಳಿಯಲ್ಲ.

ಹಿಂಗೆ ಹಸುಗೆ ಚುಚ್ಚೋದು ತಡೆಯೋಕೆ ಸರ್ಕಾರ ಮಾಡಿದ್ದು ನೋಡಿ. 2018ರ ಏಪ್ರಿಲ್ಲಲ್ಲಿ ಪ್ರೈವೇಟ್ ಕಂಪನಿಗಳು ದೇಶದೊಳಗೆ ಮಾರೋಕೆ ಇದನ್ನ ಮಾಡೋ ಹಂಗೇ ಇಲ್ಲ, ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕೆಎಪಿಎಲ್ ಒಂದೇ ಮಾಡಬೇಕು ಅಂತ ಆರ್ಡರ್ ಹೊರಡಿಸಿದ್ರು. ಆದ್ರೆ ಹೆರಿಗೆ ಆದ್ಮೇಲೆ ರಕ್ತಸ್ರಾವ ನಿಲ್ಲಿಸೋಕೆ ಬಾಣಂತಿಗೆ ಮೊದಲು ಕೊಡೋದೂ ಇದೇ ಔಷಧಿ, ಇಡೀ ದೇಶಕ್ಕೆ ಒಂದೇ ಫ್ಯಾಕ್ಟರಿ ಅಂದ್ರೆ ಹೆಂಗೆ? ಅದೇ ಡಿಸೆಂಬರಲ್ಲಿ ದೆಹಲಿ ಹೈಕೋರ್ಟ್ ಆರ್ಡರ್ ರದ್ದು ಮಾಡ್ತು, ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ನಂಗನ್ನಿಸೋದು, ಕಳ್ಳ ಬಾಟ್ಲಿ ತುಂಬೋನಿಗೆ ಮೊದಲೇ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇರೋರನ್ನ ನಿಲ್ಲಿಸಿದ್ರೆ ಅವನಿಗೇನು ನಷ್ಟ? 2024ರಲ್ಲಿ ಅದೇ ದೆಹಲಿ ಹೈಕೋರ್ಟು ಅಲ್ಲಿನ ಡೈರಿಗಳಿಗೇ ಹೋಗಿ ವಾರವಾರ ಚೆಕ್ ಮಾಡಿ ಅಂತು, ಅದು ಕೆಲಸದ ಮಾತು.

ಅಮ್ಮ ಆ ಬಾಟ್ಲಿ ಮುಟ್ಟಿಸಲಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಂಡಿ ಕೆಚ್ಚಲು ಒರೆಸಿ, ಮುಂದೆ ಬೂಸಾ ಇಟ್ಟು, ಹತ್ತು ನಿಮಿಷ ನೀವ್ತಾ ಏನೇನೋ ಮಾತಾಡ್ಕೊಂಡು ಕೂತಿರೋಳು. ಮೊದಲ ದಿನ ಅರ್ಧ ಲೀಟರೂ ಬರ್ಲಿಲ್ಲ. ಎಂಟನೇ ದಿನಕ್ಕೆ ಮೂರು ಲೀಟರ್, ಒಂದು ಒದೆನೂ ಇಲ್ಲ. ಬಾಟ್ಲಿ ಎಲ್ಲೋಯ್ತೇ ಅಂತ ಅಪ್ಪ ಕೇಳಿದ್ರೆ ಬಚ್ಚಲ ಕಡೆ ಕೈ ತೋರಿಸಿದ್ಲು.